ಚಿಗರಿಯ ತಟ್ಟೆ: ಹಾಲು-ರೊಟ್ಟಿ, ಪ್ಯಾಕೆಟ್ ಕಾಳು, ಜೋಳದ ನುಚ್ಚು

ಮುಧೋಳ ತಾಲೂಕಿನ ರೈತರೊಬ್ಬರ ತೋಟದ ಮನೆಯಿಂದ ಮುಧೋಳ ತಳಿಯ ನಾಯಿಮರಿ ಚಿಗರಿಯನ್ನು ಧಾರವಾಡಕ್ಕೆ ತಂದಾಗ ಅವಳಿಗೆ ಎರಡು ತಿಂಗಳು. ಏನು ತಿನ್ನಿಸಬೇಕೆಂದು ಕೇಳಿದೆ. "ನಾವು ಉಣ್ಣುವುದನ್ನೇ ಉಣ್ಣುತ್ತದೆ. ಹಾಲಿನಲ್ಲಿ ರೊಟ್ಟಿ ಮುರಿದು ಹಾಕಿದರೆ ಸಾಕು ತಂಗಿ" ಎಂದರು. ಊರಿಗೆ ಬಂದು ಅಂಗಡಿಯಲ್ಲಿ ಕೇಳಿದರೆ ಪ್ಯಾಕೆಟ್‌ನಲ್ಲಿ ಬರುವ, ಕಾಳಿನಂತಹ ಒಣ ನಾಯಿ ಆಹಾರ ಬಿಟ್ಟು ಬೇರೇನನ್ನೂ ಹಾಕಲೇಬಾರದು ಎಂದರು. ಮೂರು ವರ್ಷಗಳಲ್ಲಿ ನಾಲ್ಕು ಬಗೆಯ ಊಟ ಹಾಕಿ ನೋಡಿದ್ದೇನೆ. ಪ್ರತಿ ಬದಲಾವಣೆಯಲ್ಲೂ ತೂಕ, ಮಲ, ಕೂದಲಿನ ಹೊಳಪು ಮತ್ತು ಖರ್ಚನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ.

ಮೊದಲೇ ಹೇಳಬೇಕಾದ ಒಂದು ಮಾತಿದೆ. ನಮ್ಮದು ಮಾಂಸ ಬೇಯಿಸದ ಮನೆ. ಆದ್ದರಿಂದ ಹಾಲು-ರೊಟ್ಟಿ ಎಂದಾಗ ಎಲ್ಲರಿಗಿಂತ ಹೆಚ್ಚು ಸಮಾಧಾನವಾದದ್ದು ಅವ್ವನಿಗೆ. ಎರಡು ತಿಂಗಳು ಅದನ್ನೇ ಹಾಕಿದೆವು, ಮೇಲೊಂದಿಷ್ಟು ಬೇಳೆಯ ಕಟ್ಟು. ಹಾಲು ಹೆಚ್ಚಾದ ದಿನ ಮರಿಗೆ ಭೇದಿಯಾಗುತ್ತಿತ್ತು. ತಾಯಿಯ ಹಾಲು ಬಿಟ್ಟ ಮೇಲೆ ನಾಯಿಗಳಿಗೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಗ್ಗುತ್ತಾ ಹೋಗುತ್ತದೆ. ಮಜ್ಜಿಗೆಗೆ ಬದಲಾಯಿಸಿದ ಮೇಲೆ ಭೇದಿ ನಿಂತಿತು. ಆದರೆ ನಾಲ್ಕನೆಯ ತಿಂಗಳಲ್ಲಿ ಚಿಗರಿಯ ಮುಂಗಾಲುಗಳು ಹೊರಕ್ಕೆ ಬಾಗತೊಡಗಿದವು. ಪಶುವೈದ್ಯರು ಎಕ್ಸ್-ರೇ ನೋಡಿ, ಎಲುಬು ಬೆಳೆಯುವುದಕ್ಕೆ ಬೇಕಾದ ಕ್ಯಾಲ್ಸಿಯಂ ಸಿಗುತ್ತಿಲ್ಲ ಎಂದರು. ಹಾಲು ಕುಡಿಸಿಯೂ ಹೀಗೇಕೆ ಎಂದು ನನಗೆ ದಿಗಿಲಾಯಿತು. ಬೆಳೆಯುವ ಮರಿಗೆ ಪ್ರತಿ ಸಾವಿರ ಕ್ಯಾಲೊರಿಗೆ ಸುಮಾರು 3 ಗ್ರಾಂ ಕ್ಯಾಲ್ಸಿಯಂ ಬೇಕು. ಅರ್ಧ ಲೀಟರ್ ಹಾಲಿನಲ್ಲಿ ಇರುವುದು 0.6 ಗ್ರಾಂ. ರೊಟ್ಟಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಈ ಲೆಕ್ಕವನ್ನು ಮರಿ ತರುವ ಮೊದಲೇ ಮಾಡಬೇಕಿತ್ತು ಎಂಬ ನೋವು ನನಗೆ ಇನ್ನೂ ಇದೆ.

ಹೀಗೆ ಪ್ಯಾಕೆಟ್ ಆಹಾರ ಮನೆಗೆ ಬಂತು. ನಮ್ಮ ಕಡೆ ಯಾವ ಕಂಪನಿಯದಾದರೂ ಜನ ಅದನ್ನು ಪೆಡಿಗ್ರಿ ಎಂದೇ ಕರೆಯುತ್ತಾರೆ. ವೈದ್ಯರು ಮರಿಗಳಿಗೆಂದೇ ಮಾಡಿದ ಕಾಳನ್ನು ಬರೆದುಕೊಟ್ಟು, ಅದರ ಜೊತೆಗೆ ಕ್ಯಾಲ್ಸಿಯಂ ಸಿರಪ್ ಹಾಕಬಾರದು ಎಂದು ಎರಡು ಸಲ ಹೇಳಿದರು. ಸಮತೋಲನವಿರುವ ಆಹಾರಕ್ಕೆ ಮತ್ತೆ ಕ್ಯಾಲ್ಸಿಯಂ ಸುರಿದರೆ ಎಲುಬಿಗೆ ಅದರಿಂದಲೂ ತೊಂದರೆಯಂತೆ. ಹಳೆಯ ಊಟದಲ್ಲಿ ಕಾಲು ಭಾಗ ಕಾಳು ಬೆರೆಸುವುದರಿಂದ ಆರಂಭಿಸಿ ಎಂಟು ದಿನಗಳಲ್ಲಿ ಪೂರ್ತಿ ಬದಲಾಯಿಸಿದೆ. ಎರಡು ತಿಂಗಳಲ್ಲಿ ಕಾಲುಗಳು ನೆಟ್ಟಗಾದವು. ಮರಿ ಒಂದು ವರ್ಷದ್ದಾಗುವವರೆಗೆ ಮನೆಯ ಅಡುಗೆಯ ಪ್ರಯೋಗ ಬೇಡ ಎಂಬ ನನ್ನ ಅಭಿಪ್ರಾಯ ಅಂದು ಗಟ್ಟಿಯಾದದ್ದು ಇಂದಿಗೂ ಬದಲಾಗಿಲ್ಲ.

ವರ್ಷ ತುಂಬಿದ ಮೇಲೆ ಎರಡು ದರದ ಕಾಳುಗಳನ್ನು ಎರಡೆರಡು ತಿಂಗಳು ಹಾಕಿದೆ. ಕಿಲೋಗೆ ಸುಮಾರು 200 ರೂಪಾಯಿಯದು ಒಂದು, 700 ರೂಪಾಯಿಯದು ಇನ್ನೊಂದು. ಕಡಿಮೆ ದರದ ಚೀಲದ ಹಿಂದೆ ಮೊದಲ ಹೆಸರೇ ಧಾನ್ಯದ್ದು, ಪ್ರೋಟೀನ್ 20 ಪ್ರತಿಶತ. ದುಬಾರಿಯದರಲ್ಲಿ ಕೋಳಿ ಮೊದಲು, ಪ್ರೋಟೀನ್ 27 ಪ್ರತಿಶತ. ಚಿಗರಿ ಎರಡನ್ನೂ ಬಿಡದೆ ತಿಂದಳು. ವ್ಯತ್ಯಾಸ ಕಂಡದ್ದು ಹಿತ್ತಲಿನಲ್ಲಿ: ಮೊದಲನೆಯದರಲ್ಲಿ ದಿನಕ್ಕೆ ನಾಲ್ಕು ಸಲ, ರಾಶಿ ರಾಶಿ, ಎರಡನೆಯದರಲ್ಲಿ ಎರಡೇ ಸಲ, ಸ್ವಲ್ಪವೇ, ಗಟ್ಟಿಯಾಗಿ. ತಿಂದದ್ದರಲ್ಲಿ ಎಷ್ಟು ಮೈಗೆ ಹತ್ತಿತು ಎನ್ನುವುದಕ್ಕೆ ಇದಕ್ಕಿಂತ ನೇರವಾದ ಗುರುತು ನನಗೆ ಸಿಕ್ಕಿಲ್ಲ. ಒಮ್ಮೆ ತೆರೆದ ಮೂಟೆಯಿಂದ ತೂಗಿ ಕೊಡುವ ಬಿಡಿ ಕಾಳನ್ನು ತಂದೆ. ತಯಾರಾದ ದಿನಾಂಕ ತಿಳಿಯದ, ಎಣ್ಣೆ ಕಮಟು ಹತ್ತಿದ ಮಾಲು. ಮೂರು ದಿನ ಅವಳ ಹೊಟ್ಟೆ ಕೆಟ್ಟಿತು. ಯಾರಾದರೂ ಬಿಡಿ ಕಾಳು ಕೊಳ್ಳಲು ಹೊರಟರೆ ನಾನು ಕೈಹಿಡಿದು ತಡೆಯುತ್ತೇನೆ.

ಕಾಳಿನ ಕುಂದು ಗೊತ್ತಾದದ್ದು ಏಪ್ರಿಲ್ ಬಿಸಿಲಿನಲ್ಲಿ. ಅದರಲ್ಲಿ ನೀರಿನ ಅಂಶ ನೂರಕ್ಕೆ ಹತ್ತರಷ್ಟು ಮಾತ್ರ. ಚಿಗರಿ ನೀರಿನ ಬೋಗುಣಿಯನ್ನು ದಿನಕ್ಕೆ ಮೂರು ಸಲ ಖಾಲಿ ಮಾಡುತ್ತಿದ್ದಳು, ಊಟವನ್ನು ಅರ್ಧಕ್ಕೇ ಬಿಡುತ್ತಿದ್ದಳು. ಕಾಳು ಕಡಿದರೆ ಹಲ್ಲು ಸ್ವಚ್ಛವಾಗುತ್ತದೆ ಎಂಬ ಮಾತನ್ನೂ ನಾನು ಕಾದು ನೋಡಿದೆ. ಹಲ್ಲಿನ ಕಿಟ್ಟ ಹಾಗೆಯೇ ಇತ್ತು.

ಆಗ ಹಿತ್ತಲಿನಲ್ಲಿ ಬೇರೆ ಒಲೆ ಹೂಡಿ ನುಚ್ಚು-ಕೋಳಿ ಮಾಡಲು ಶುರುಮಾಡಿದೆ. ಅವ್ವ ಒಂದು ವಾರ ಮಾತು ಬಿಟ್ಟಳು. ಆಮೇಲೆ, "ಅದರ ಜಾತಿಯ ಊಟ ಅದಕ್ಕೆ, ನಮ್ಮ ಪಾತ್ರೆ ಮುಟ್ಟಬೇಡ" ಎಂದು ಒಪ್ಪಿದಳು. ಚಿಗರಿಯ ತೂಕ 20 ಕಿಲೋ. ಈ ತೂಕದ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 1,050 ಕ್ಯಾಲೊರಿ ಸಾಕು. ಕಾಳಿನಲ್ಲಾದರೆ ಅದು 300 ಗ್ರಾಂ. ಮನೆಯ ಊಟದಲ್ಲಿ 150 ಗ್ರಾಂ ಜೋಳದ ನುಚ್ಚು, 250 ಗ್ರಾಂ ಎಲುಬಿಲ್ಲದ ಕೋಳಿ, ಒಂದು ಬೇಯಿಸಿದ ಮೊಟ್ಟೆ, ಒಂದು ಹಿಡಿ ಕುಂಬಳಕಾಯಿ, ಒಂದು ಚಮಚ ಎಣ್ಣೆ. ಈರುಳ್ಳಿ, ಬೆಳ್ಳುಳ್ಳಿ ಒಲೆಯ ಹತ್ತಿರವೂ ಬರುವುದಿಲ್ಲ. ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದ ಕೋಳಿಯ ಎಲುಬೂ ಇಲ್ಲ, ಅದು ಚೂಪಾಗಿ ಸೀಳಿ ಕರುಳಿಗೆ ಚುಚ್ಚಬಹುದು. ಎಂಟು ವಾರಗಳಲ್ಲಿ ಮೈ ರೇಷ್ಮೆಯಂತೆ ಹೊಳೆಯಿತು. ಬೇಸಿಗೆಯಲ್ಲೂ ತಟ್ಟೆ ನೆಕ್ಕಿ ಮುಗಿಸುತ್ತಿದ್ದಳು.

ಆದರೂ ಕಾಗದದ ಮೇಲೆ ಕೂಡಿಸಿದಾಗ ನನಗೆ ಹಳೆಯ ಭಯ ಮರಳಿತು. ಈ ಇಡೀ ತಟ್ಟೆಯ ಕ್ಯಾಲ್ಸಿಯಂ 120 ಮಿಲಿಗ್ರಾಂ ಆಸುಪಾಸು. ವಯಸ್ಕ ನಾಯಿಗೂ ಬೇಕಾದದ್ದು ಒಂದು ಗ್ರಾಂನಷ್ಟು. ಕೋಳಿ, ಜೋಳ ಎರಡರಲ್ಲೂ ಕ್ಯಾಲ್ಸಿಯಂಗಿಂತ ರಂಜಕವೇ (ಫಾಸ್ಫರಸ್) ಹೆಚ್ಚು. ಊಟದಲ್ಲಿ ಸಿಗದ ಕ್ಯಾಲ್ಸಿಯಂ ಅನ್ನು ದೇಹ ಎಲುಬಿನಿಂದ ತೆಗೆದುಕೊಳ್ಳುತ್ತದೆ. ಮೊಟ್ಟೆಯ ಚಿಪ್ಪನ್ನು ಕುದಿಸಿ ಒಣಗಿಸಿ ನುಣ್ಣಗೆ ಪುಡಿ ಮಾಡಿದರೆ ಅರ್ಧ ಚಮಚದಲ್ಲಿ ಈ ಕೊರತೆ ತುಂಬುತ್ತದೆ. ಅಷ್ಟಾದ ಮೇಲೂ ಸತು, ಅಯೋಡಿನ್, ಡಿ ಜೀವಸತ್ವದ ಕೊರತೆ ಉಳಿದೇ ಇರುತ್ತದೆ. ನಾಯಿಯ ಚರ್ಮ ಬಿಸಿಲಿನಿಂದ ಸಾಕಷ್ಟು ಡಿ ತಯಾರಿಸಿಕೊಳ್ಳುವುದಿಲ್ಲ. ಅದಕ್ಕೆ ವೈದ್ಯರು ಕೊಟ್ಟ ಪುಡಿ. ಮನೆಯ ಅಡುಗೆಯೇ ಶ್ರೇಷ್ಠ ಎನ್ನುವವರನ್ನು ಈ ಪುಡಿಯ ಬಗ್ಗೆ ಕೇಳಿದಾಗ ಹೆಚ್ಚಿನವರು ಹೆಸರನ್ನೇ ಕೇಳಿರುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಅದು.

ಗಾತ್ರದ ವಿಷಯವೂ ಇದೆ. ಬೆಂದ ನುಚ್ಚು ಉಬ್ಬಿ ತಟ್ಟೆ ತುಂಬುತ್ತದೆ. ಮುಧೋಳದಂತಹ ಆಳವಾದ ಎದೆಯ ತಳಿಗಳಲ್ಲಿ ಹೊಟ್ಟೆ ಉಬ್ಬರಿಸಿ ತಿರುಚಿಕೊಳ್ಳುವ ಅಪಾಯ ಹೆಚ್ಚು. ಒಂದೇ ಹೊತ್ತಿಗೆ ಅಷ್ಟನ್ನೂ ಹಾಕಿ ಓಡಲು ಬಿಡುವುದಕ್ಕೆ ನನಗೆ ಧೈರ್ಯವಿಲ್ಲ.

ಹಸಿ ಮಾಂಸವನ್ನು ಹತ್ತು ದಿನ ಹಾಕಿದೆ. ಚಿಗರಿಗೆ ಅದೇ ಅಚ್ಚುಮೆಚ್ಚು. ಆದರೆ ಅದರಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು, ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿದರೂ ಅದು ಸಾಯುವ ಖಾತ್ರಿಯಿಲ್ಲ. ಅಂಬೆಗಾಲಿಡುವ ಮಗು ಅದೇ ನೆಲದಲ್ಲಿ ಆಡುತ್ತದೆ. ನಿಲ್ಲಿಸಿದೆ.

ಖರ್ಚು, ನಾನು ಕೊಂಡ ದರದಲ್ಲಿ: ಕಡಿಮೆ ದರದ ಕಾಳು ದಿನಕ್ಕೆ 60 ರೂಪಾಯಿ, ಮನೆಯ ಊಟ ಪುಡಿ ಸೇರಿ 90, ದುಬಾರಿ ಕಾಳು 210. ಮನೆಯ ಊಟಕ್ಕೆ ದಿನಕ್ಕೆ ಮುಕ್ಕಾಲು ಗಂಟೆ ಬೇರೆ.

ಈಗ ಬೆಳಿಗ್ಗೆ 150 ಗ್ರಾಂ ಒಳ್ಳೆಯ ಕಾಳು, ಸಂಜೆ ಅರ್ಧ ಪ್ರಮಾಣದ ನುಚ್ಚು-ಕೋಳಿ. ಕಾಳಿನ ಚೀಲದಲ್ಲಿ ಕ್ಯಾಲ್ಸಿಯಂ ಒಂದು ಪ್ರತಿಶತ ಎಂದಿದೆ. ಎಂದರೆ ಬೆಳಗಿನ ಪಾಲಿನಲ್ಲೇ ಒಂದೂವರೆ ಗ್ರಾಂ ಸಿಕ್ಕಿತು. ವೈದ್ಯರನ್ನು ಕೇಳಿ ಚಿಪ್ಪಿನ ಪುಡಿ ನಿಲ್ಲಿಸಿದೆ. ನಾನು ಆರಿಸುವುದು ಇದನ್ನೇ. ಅಡುಗೆಗೆ ಪುರುಸೊತ್ತಿಲ್ಲದವರು ಪೂರ್ತಿ ಕಾಳನ್ನೇ ಹಾಕಲಿ, ನೀರು ಬೆರೆಸಿ ನೆನೆಸಿ ಹಾಕಲಿ. ಬರಿಯ ಹಾಲು-ರೊಟ್ಟಿ ಮಾತ್ರ ಬೇಡ. ಓಣಿಯವರು ಪಕ್ಕೆಲುಬು ಕಾಣುತ್ತಿದೆ, ಇನ್ನಷ್ಟು ಹಾಕು ಎನ್ನುತ್ತಾರೆ. ಈ ತಳಿಯಲ್ಲಿ ಕೊನೆಯ ಒಂದೆರಡು ಪಕ್ಕೆಲುಬು ಕಾಣುವುದು ಆರೋಗ್ಯವೇ. ತೂಕ ನೋಡದೆ ಒಂದು ಹಿಡಿಯನ್ನೂ ಹೆಚ್ಚಿಸುವುದಿಲ್ಲ.

ಜೋಳಕ್ಕಿಂತ ರಾಗಿಯಲ್ಲಿ ಕ್ಯಾಲ್ಸಿಯಂ ಹತ್ತು ಪಟ್ಟಿಗೂ ಹೆಚ್ಚು, ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಅದರಲ್ಲಿರುವ ಫೈಟೇಟ್ ಎಂಬ ಅಂಶ ಒಂದಷ್ಟನ್ನು ಮೈಗೆ ಹತ್ತದಂತೆ ಹಿಡಿದಿಟ್ಟುಕೊಂಡರೂ ಪ್ರಯತ್ನಿಸಬೇಕು ಅನ್ನಿಸಿತು. ಮೂರು ವಾರಗಳಿಂದ ಸಂಜೆಯ ನುಚ್ಚಿನ ಅರ್ಧಕ್ಕೆ ರಾಗಿ ಹಾಕುತ್ತಿದ್ದೇನೆ. ತೂಕ 20 ಕಿಲೋದಲ್ಲೇ ಇದೆ. ಮೊದಲ ನಾಲ್ಕು ದಿನ ಮೂಸಿ ನೋಡಿ ಹಿಂದೆ ಸರಿಯುತ್ತಿದ್ದಳು, ಈಗ ತಿನ್ನುತ್ತಾಳೆ.