ಎರಡು ಹಾರ್ಡ್ ಡಿಸ್ಕ್, ಮೂರು ಬಗೆಯ ಹಂಚಿಕೆ

ಡೆಬಿಯನ್ ಎಂಬ ಲಿನಕ್ಸ್ ಓಡುವ ನನ್ನ ಕಂಪ್ಯೂಟರಿನಲ್ಲಿ 250 ಜಿಬಿಯ ಒಂದು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ವೇಗದ ಡಿಸ್ಕ್), 2 ಟಿಬಿಯ ಎರಡು ಹಾರ್ಡ್ ಡಿಸ್ಕ್‌ಗಳಿವೆ. ಸಿಸ್ಟಮ್ ಎಸ್‌ಎಸ್‌ಡಿಯಲ್ಲೇ ಇರಬೇಕು ಎಂಬುದರಲ್ಲಿ ಅನುಮಾನವಿರಲಿಲ್ಲ. ಉಳಿದೆರಡನ್ನು ಬಳಸುವುದಕ್ಕೆ ಮೂರು ಬಗೆಗಳನ್ನು ಒಂದಾದ ಮೇಲೊಂದು ಪರೀಕ್ಷಿಸಿದೆ.

ಮೊದಲನೆಯದು ಹಳೆಯ ಪದ್ಧತಿ: ಒಂದು ಡಿಸ್ಕನ್ನು ಬಳಕೆದಾರರ ಫೈಲ್‌ಗಳಿರುವ 'ಹೋಮ್' ಡೈರೆಕ್ಟರಿಗೂ ಇನ್ನೊಂದನ್ನು ವಿಡಿಯೊಗಳ ಡೈರೆಕ್ಟರಿಗೂ ಮೌಂಟ್ ಮಾಡುವುದು, ಅಂದರೆ ಆ ಡೈರೆಕ್ಟರಿಯ ಜಾಗದಲ್ಲಿ ಜೋಡಿಸುವುದು. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನಲ್ಲೇ ಮೊದಲ ಡಿಸ್ಕ್ ಸಾಲದೆ, ಪ್ರೋಗ್ರಾಮ್‌ಗಳು ಬಳಕೆದಾರರ ಫೈಲ್‌ಗಳಿದ್ದ ಎರಡನೆಯ ಡಿಸ್ಕಿಗೆ ಹರಿದಿದ್ದವು. ಪ್ರೋಗ್ರಾಮ್‌ಗಳ ಡೈರೆಕ್ಟರಿ 'ಬಿನ್' ಇದ್ದರೂ, ಆ ಎರಡನೆಯ ಡಿಸ್ಕಿನ 'ಯುಎಸ್‌ಆರ್' ಒಳಗೆ ಮತ್ತೊಂದು 'ಬಿನ್' ಬಂದದ್ದು ಹಾಗೆ. ಈ ಪದ್ಧತಿಯಲ್ಲಿ ಯಾವ ಡಿಸ್ಕ್ ಕೆಟ್ಟರೆ ಏನು ಹೋಗುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಮಾತ್ರ 'ಎಸ್‌ಡಿಬಿ'ಯಂಥ ಡಿಸ್ಕಿನ ಹೆಸರು ಬರೆಯದೆ ಯುಯುಐಡಿ (ಬದಲಾಗದ ಗುರುತಿನ ಸಂಖ್ಯೆ) ಕೊಡಿ. ಹೊಸ ಡಿಸ್ಕ್ ಸೇರಿಸಿದಾಗ ಆ ಹೆಸರುಗಳು ಅದಲುಬದಲಾಗಬಹುದು. ಕೊರತೆಯೆಂದರೆ, ನನ್ನ 'ಹೋಮ್' ತುಂಬಿ ತುಳುಕುವಾಗ ಪಕ್ಕದ ಡಿಸ್ಕ್ ಅರ್ಧ ಖಾಲಿಯಿತ್ತು.

ಅದಕ್ಕೇ ಹಲವು ಡಿಸ್ಕ್‌ಗಳನ್ನು ಒಂದಾಗಿಸಿ ತೋರಿಸುವ ಎಲ್‌ವಿಎಂ ಹಿಡಿದೆ. ಎರಡೂ ಸೇರಿ 4 ಟಿಬಿಯ ಒಂದೇ ವಾಲ್ಯೂಮ್. ಕಂಪ್ಯೂಟರ್ ಓಡುತ್ತಿರುವಾಗಲೇ ಅದರ ಮೇಲಿನ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಅನ್ನು ಹಿಗ್ಗಿಸಿದಾಗ ನನಗಾದ ಸಂತೋಷ ನಿಜವಾದದ್ದು. ಕೆಲವು ತಿಂಗಳ ಬಳಿಕ ಒಂದು ಡಿಸ್ಕಿನಲ್ಲಿ ಓದಲಾಗದ ಸೆಕ್ಟರ್‌ಗಳು ಹೆಚ್ಚುತ್ತ ಹೋಗಿ, ಕೊನೆಗೆ ಅದು ನಿಂತೇಹೋಯಿತು. ಮಗಳ ಬಾಲ್ಯದ ಫೋಟೊಗಳಲ್ಲಿ ಯಾವುದು ಕೆಟ್ಟ ಡಿಸ್ಕಿನಲ್ಲಿದೆ, ಯಾವುದು ಒಳ್ಳೆಯದರಲ್ಲಿದೆ ಎಂದು ಹೇಳಲು ದಾರಿಯೇ ಇರಲಿಲ್ಲ. ಅರ್ಧ ಫೈಲ್‌ಸಿಸ್ಟಮ್ ಇಲ್ಲವಾದರೆ ಉಳಿದರ್ಧವನ್ನೂ ನೆಚ್ಚುವಂತಿಲ್ಲ. ಬ್ಯಾಕಪ್ ಇದ್ದದ್ದರಿಂದ ಉಳಿದೆ, ಆದರೆ ಆ ರಾತ್ರಿಯ ಭಯ ಇನ್ನೂ ನೆನಪಿದೆ.

ಹೊಸ ಡಿಸ್ಕ್ ತಂದ ಮೇಲೆ ಝಡ್‌ಎಫ್‌ಎಸ್ ಮಿರರ್ ಮಾಡಿದೆ, ಅಂದರೆ ಎರಡೂ ಡಿಸ್ಕ್‌ಗಳಲ್ಲಿ ಒಂದೇ ಮಾಹಿತಿಯ ಪ್ರತಿ. 2005ರಲ್ಲಿ ಸನ್ ಕಂಪನಿ ಓಪನ್‌ಸೊಲಾರಿಸ್ ಎಂಬ ಆಪರೇಟಿಂಗ್ ಸಿಸ್ಟಮ್ ಮೂಲಕ ಹೊರತಂದ ಫೈಲ್‌ಸಿಸ್ಟಮ್ ಈ ಝಡ್‌ಎಫ್‌ಎಸ್. 4 ಟಿಬಿ ಕೊಟ್ಟು 2 ಟಿಬಿ ಪಡೆಯುವ ವ್ಯಾಪಾರ; ನನಗೆ ಒಪ್ಪಿಗೆ. ಮಾಹಿತಿಯ ಪ್ರತಿ ಬ್ಲಾಕಿಗೂ ಚೆಕ್‌ಸಮ್ (ಸರಿಯಿದೆಯೇ ಎಂದು ತಾಳೆನೋಡುವ ಸಂಖ್ಯೆ) ಇರುವುದರಿಂದ, ಎಲ್ಲವನ್ನೂ ಓದಿ ಪರೀಕ್ಷಿಸುವ ಸ್ಕ್ರಬ್ ಓಡಿಸಿದಾಗ ಸದ್ದಿಲ್ಲದೆ ಕೆಟ್ಟ ಪ್ರತಿ ಸಿಕ್ಕಿದರೆ ಮತ್ತೊಂದು ಡಿಸ್ಕಿನ ಸರಿಯಾದ ಪ್ರತಿಯಿಂದ ಅದನ್ನು ತಾನೇ ತಿದ್ದುತ್ತದೆ. ಡೆಬಿಯನ್‌ನಲ್ಲಿ ಸಿಸ್ಟಮ್‌ನ ತಿರುಳಾದ ಕರ್ನಲ್ ಬದಲಾದಾಗಲೆಲ್ಲ ಅದಕ್ಕೆ ಸೇರುವ ಝಡ್‌ಎಫ್‌ಎಸ್ ಮಾಡ್ಯೂಲ್ ಮತ್ತೆ ಕಟ್ಟಿಕೊಳ್ಳಬೇಕಾಗುವುದು ಸಣ್ಣ ಕಿರಿಕಿರಿ. ತಪ್ಪಿ ಅಳಿಸಿದ ಫೈಲ್ ಎರಡೂ ಡಿಸ್ಕ್‌ಗಳಿಂದ ಅಳಿಯುತ್ತದೆ. ಆದ್ದರಿಂದ ಹೊರಗಿನ ಯುಎಸ್‌ಬಿ ಡಿಸ್ಕಿನ ಬ್ಯಾಕಪ್ ನಿಲ್ಲಿಸಿಲ್ಲ.

ತಮ್ಮನ ಮನೆಯಲ್ಲಿ 500 ಜಿಬಿಯದೊಂದು, 2 ಟಿಬಿಯದೊಂದು ಡಿಸ್ಕ್ ಇವೆ. ಮಿರರ್ ಮಾಡಿದರೆ ಚಿಕ್ಕದರ ಅಳತೆಯೇ ಸಿಗುತ್ತದೆ. ಅಲ್ಲಿ ಹಿಂಜರಿಕೆಯಿಲ್ಲದೆ ಮೊದಲನೆಯ ಪದ್ಧತಿಯನ್ನೇ ಹಾಕಿಕೊಟ್ಟು ಬಂದೆ.