ರಿಮೋಟಿನ ಸದ್ದು ನಂಬಿ ಮಿಂಚುಹುಳದ ರಾತ್ರಿ ಕಳೆದುಕೊಳ್ಳಬೇಡಿ

ಮೇ ಕೊನೆಯಿಂದ ಮಳೆ ಹಿಡಿದು ಸುರಿಯುವ ತನಕ ಪುಣೆ, ಮುಂಬಯಿಯ ಕ್ಯಾಮೆರಾದವರು ರಾಜಮಾಚಿ, ಭಂಡಾರದರಾ, ಪುರುಷವಾಡಿ ಅಂತ ಓಡುತ್ತಾರೆ. ಮಿಂಚುಹುಳ ಗುಂಪಾಗಿ ಕಾಣುವುದು ಆ ಕೆಲವೇ ವಾರ. ಅದರಲ್ಲೂ ಕತ್ತಲಾದ ಮೇಲಿನ ಮೊದಲ ಕೆಲವು ಗಂಟೆ ಕೈತಪ್ಪಿದರೆ ಆ ರಾತ್ರಿ ಮುಗಿದಂತೆ. ಪುಣೆಯ ನಮ್ಮ ಕನ್ನಡ ಬಳಗದ ಗೆಳೆಯರೊಬ್ಬರಿಗೆ ಕಳೆದ ಸಲ ಹಾಗೇ ಆಯಿತು. ಕ್ಯಾಮೆರಾ ಚೆನ್ನಾಗಿತ್ತು, ಲೆನ್ಸ್ ಚೆನ್ನಾಗಿತ್ತು, ಟ್ರೈಪಾಡ್ ಗಟ್ಟಿಯಾಗಿತ್ತು. ಕೆಡಿಸಿದ್ದು ಟೈಮರ್ ಇರುವ ರಿಮೋಟು, ಅಂದರೆ ಕ್ಯಾಮೆರಾಗೆ ಕೇಬಲಿನಿಂದ ಜೋಡಿಸಿದರೆ ಹೇಳಿದಷ್ಟು ಹೊತ್ತಿಗೊಮ್ಮೆ ತಾನೇ ಶಟರ್ ಒತ್ತುವ ಸಾಧನ. ಈ ಸಲ ಹೊರಡುವವರಿಗೆ ಹಾಗಾಗದಿರಲಿ ಎಂದು ಅವರ ಒಪ್ಪಿಗೆ ಪಡೆದು ನಡೆದದ್ದನ್ನೂ ಕಾರಣವನ್ನೂ ಬಿಡಿಸಿ ಬರೆಯುತ್ತಿದ್ದೇವೆ.

ಅವರದು ಕ್ಯಾನನ್ 6ಡಿ ಮಾರ್ಕ್ 2. ಆನ್‌ಲೈನಿನಲ್ಲಿ ‘ಕ್ಯಾನನ್ ಕ್ಯಾಮೆರಾಗಳಿಗೆ’ ಎಂದಷ್ಟೇ ಬರೆದಿದ್ದ ರಿಮೋಟ್ ತರಿಸಿದರು. ಬಂದದ್ದರ ತುದಿಯಲ್ಲಿ 2.5 ಎಂಎಂ ಪಿನ್ನು. ಕ್ಯಾಮೆರಾದಲ್ಲಿ ಇರುವುದು ಎನ್3 ಎನ್ನುವ ದುಂಡನೆಯ ಮೂರು ಪಿನ್ನಿನ ಸಾಕೆಟ್ಟು. ಕೇಬಲ್ ಬದಲಾಯಿಸಿಕೊಳ್ಳುವುದರಲ್ಲೇ ದಿನ ಹೋಯಿತು. ಹೊಸ ಕೇಬಲ್ ಬಂದ ಸಂಜೆ ಮನೆಯ ಟ್ಯೂಬ್‌ಲೈಟಿನಲ್ಲಿ ಒಂದೆರಡು ಸಲ ಒತ್ತಿ ನೋಡಿ, ಕ್ಲಿಕ್ ಅಂದದ್ದೇ ಸಾಕೆಂದು ಬ್ಯಾಗಿಗೆ ಹಾಕಿದರು. ರಾಜಮಾಚಿಯ ಕತ್ತಲಲ್ಲಿ ಒತ್ತಿದರೆ ಶಟರ್ ತೆರೆಯಲೇ ಇಲ್ಲ. ರಿಮೋಟ್ ಕೆಟ್ಟಿದೆ ಎಂದುಕೊಂಡು ಬ್ಯಾಟರಿ ಬದಲಿಸಿದರು, ಕೇಬಲ್ ಕಿತ್ತು ಮತ್ತೆ ಹಾಕಿದರು. ಲೆನ್ಸ್ ಆಟೋ ಫೋಕಸ್‌ನಲ್ಲೇ ಉಳಿದಿದೆ ಎಂದು ಹೊಳೆಯುವಷ್ಟರಲ್ಲಿ ಒಳ್ಳೆಯ ಹೊತ್ತಿನ ದೊಡ್ಡ ಪಾಲು ಹೋಗಿತ್ತು. ಆಮೇಲೆ ಎರಡು ಗಂಟೆ ಕ್ಯಾಮೆರಾ ಓಡಿತು. 30 ಸೆಕೆಂಡಿನ ಎಕ್ಸ್‌ಪೋಷರ್ (ಪ್ರತಿ ಫ್ರೇಮಿಗೆ ಶಟರ್ ತೆರೆದಿರುವ ಹೊತ್ತು), 31 ಸೆಕೆಂಡಿನ ಇಂಟರ್ವಲ್ (ಒಂದು ಒತ್ತಿನಿಂದ ಮುಂದಿನ ಒತ್ತಿಗೆ). 230ರ ಆಸುಪಾಸು ಫ್ರೇಮು ಬರಬೇಕಿತ್ತು. ಮನೆಗೆ ಬಂದು ಕಾರ್ಡ್ ತೆರೆದರೆ ಇದ್ದದ್ದು 116. ಒಂದು ಬಿಟ್ಟು ಒಂದು ಫ್ರೇಮು ಇಲ್ಲ.

ಆ ಅರ್ಧ ಎಲ್ಲಿ ಹೋಯಿತು ಎನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಕ್ಯಾಮೆರಾದ ಪರದೆಯಲ್ಲಿ 30 ಎಂದಿದ್ದರೂ ಬಹುತೇಕ ಕ್ಯಾಮೆರಾಗಳಲ್ಲಿ ಶಟರ್ ತೆರೆದಿರುವುದು 32 ಸೆಕೆಂಡ್. ಶಟರ್ ತೆರೆದಿರುವ ಹೊತ್ತು ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು ಎಂದು ಇಮ್ಮಡಿಯಾಗುತ್ತ ಹೋಗುತ್ತದೆ. ಓದಲು ಸುಲಭವೆಂದು 15, 30 ಎಂದು ತೋರಿಸುತ್ತಾರೆ. ಮೊದಲ ಫ್ರೇಮು ಮುಗಿಯುವುದು 32ನೇ ಸೆಕೆಂಡಿಗೆ, ರಿಮೋಟ್ ಎರಡನೇ ಸಲ ಒತ್ತುವುದು 31ಕ್ಕೆ. ಶಟರ್ ಇನ್ನೂ ತೆರೆದೇ ಇರುವುದರಿಂದ ಆ ಒತ್ತು ವ್ಯರ್ಥ. ಮುಂದಿನ ಒತ್ತು 62ಕ್ಕೆ, ಆಗ ಎರಡನೇ ಫ್ರೇಮು. ರಾತ್ರಿಯಿಡೀ ಇದೇ ಕಥೆ. ರಿಮೋಟಿನ ಪರದೆ ಮಾತ್ರ ತಾನು ಒತ್ತಿದ್ದನ್ನೆಲ್ಲ ಎಣಿಸುತ್ತ ಎಲ್ಲ ಸರಿಯಿದೆ ಎಂದೇ ತೋರಿಸುತ್ತಿರುತ್ತದೆ, ಏಕೆಂದರೆ ಕ್ಯಾಮೆರಾದಿಂದ ಅದಕ್ಕೆ ಯಾವ ಮಾಹಿತಿಯೂ ವಾಪಸ್ ಬರುವುದಿಲ್ಲ. ಫ್ರೇಮುಗಳನ್ನು ಒಂದರ ಮೇಲೊಂದು ಸೇರಿಸಿ ಮಾಡುವ ಮಿಂಚುಹುಳದ ಚಿತ್ರದಲ್ಲಿ ಅರ್ಧ ಮಿನುಗು ಹೋಗುತ್ತದೆ; ನಕ್ಷತ್ರದ ಜಾಡು ತೆಗೆಯುವವರಿಗಂತೂ ಗೆರೆಯೇ ತುಂಡು ತುಂಡು.

ಆದ್ದರಿಂದ ಕ್ಯಾಮೆರಾ ಮ್ಯಾನುಯಲ್ ಮೋಡಿನಲ್ಲಿ 30ಕ್ಕೆ ಇದ್ದರೆ ಇಂಟರ್ವಲ್ 34 ಇಡಿ. ಒತ್ತಿದಷ್ಟು ಹೊತ್ತೂ ಶಟರ್ ತೆರೆದಿರುವ ಬಲ್ಬ್ ಮೋಡಿನಲ್ಲಿಟ್ಟು, ಎಷ್ಟು ಹೊತ್ತು ಒತ್ತಿರಬೇಕೆಂದು ಹೇಳುವ ರಿಮೋಟಿನ ‘ಲಾಂಗ್’ನಲ್ಲಿ 30 ಕೊಟ್ಟರೆ ಸಮಯ ರಿಮೋಟಿನ ಕೈಯಲ್ಲಿರುತ್ತದೆ, ಆಗ 32 ಸಾಕು. ಇಲ್ಲಿ ಇನ್ನೊಂದು ತೊಡಕಿದೆ. ಕೆಲವು ರಿಮೋಟು ಇಂಟರ್ವಲನ್ನು ಒಂದು ಒತ್ತಿನ ಶುರುವಿನಿಂದ ಮುಂದಿನ ಒತ್ತಿನ ಶುರುವಿಗೆ ಎಣಿಸುತ್ತವೆ, ಕೆಲವು ಹಿಂದಿನ ಒತ್ತು ಬಿಟ್ಟ ಮೇಲೆ ಎಣಿಸಲು ಶುರು ಮಾಡುತ್ತವೆ. ಡಬ್ಬದ ಮೇಲೆ ಇದು ಬರೆದಿರುವುದು ಅಪರೂಪ. ತಿಳಿಯುವ ದಾರಿ ಸುಲಭ: ಲೆನ್ಸಿಗೆ ಮುಚ್ಚಳ ಹಾಕಿ, ಬಲ್ಬ್‌ನಲ್ಲಿ ‘ಲಾಂಗ್’ 30, ಇಂಟರ್ವಲ್ 32 ಇಟ್ಟು ಮನೆಯಲ್ಲೇ ಹತ್ತು ಫ್ರೇಮು ತೆಗೆಯಿರಿ. ಫೋಟೊದ ಮಾಹಿತಿಯಲ್ಲಿ ತೆಗೆದ ಸಮಯ ನೋಡಿ. ಎರಡು ಫ್ರೇಮಿನ ನಡುವೆ 32 ಸೆಕೆಂಡ್ ಇದ್ದರೆ ಮೊದಲ ಬಗೆ. 62ರ ಹತ್ತಿರ ಬಂದರೆ ಎರಡನೆಯದು; ಅದರಲ್ಲಿ ಇಂಟರ್ವಲ್ 2 ಇಡಬೇಕು. 64 ಬಂದರೆ ನಡುವಿನ ಒಂದು ಒತ್ತು ತಪ್ಪುತ್ತಿದೆ.

ಇಂಟರ್ವಲ್ ಸರಿಯಿದ್ದೂ ಫ್ರೇಮು ಅರ್ಧವಾದರೆ ಕ್ಯಾಮೆರಾದ ಮೆನುವಿನಲ್ಲಿ ಎರಡು ಕಡೆ ನೋಡಿ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆನ್ ಇದ್ದರೆ ಪ್ರತಿ ಫ್ರೇಮಿನ ನಂತರ ಕ್ಯಾಮೆರಾ ಅಷ್ಟೇ ಹೊತ್ತಿನ ಇನ್ನೊಂದು ಕಪ್ಪು ಫ್ರೇಮು ತೆಗೆದುಕೊಳ್ಳುತ್ತ ಕೂರುತ್ತದೆ. ಮಿರರ್ ಲಾಕ್‌ಅಪ್ ಆನ್ ಇದ್ದರೆ ಮೊದಲ ಒತ್ತಿಗೆ ಕನ್ನಡಿ ಏಳುತ್ತದೆ, ಎರಡನೇ ಒತ್ತಿಗೆ ಶಟರ್ ತೆರೆಯುತ್ತದೆ. ಎರಡನ್ನೂ ಆಫ್ ಮಾಡಿ.

ನಮ್ಮನ್ನು ಕೇಳಿದರೆ, ಬಿಡುವಿಲ್ಲದೆ ಸಾಲಾಗಿ ಫ್ರೇಮು ಬೇಕಾದಾಗ ಟೈಮರ್ ರಿಮೋಟೇ ಬೇಡ. ಬಟನ್ನಿಗೆ ಲಾಕ್ ಇರುವ ಸಾದಾ ಕೇಬಲ್ ರಿಮೋಟ್ ಸಾಕು. ಮ್ಯಾನುಯಲ್ ಮೋಡು, 30 ಸೆಕೆಂಡ್, ಡ್ರೈವ್ ಕಂಟಿನ್ಯೂಯಸ್, ಫೋಕಸ್ ಮ್ಯಾನುಯಲ್. ಬಟನ್ ಒತ್ತಿ ಮುಂದಕ್ಕೆ ತಳ್ಳಿ ಲಾಕ್ ಮಾಡಿದರೆ ಒಂದು ಮುಗಿದ ಕೂಡಲೇ ಇನ್ನೊಂದು ಫ್ರೇಮು ಶುರುವಾಗುತ್ತದೆ. ಎಣಿಸುವುದು, ತಪ್ಪುವುದು ಎರಡೂ ಇಲ್ಲ. ಮುಗಿದ ಮೇಲೆ ಲಾಕ್ ಬಿಡಿಸುವುದನ್ನು ಮರೆಯಬೇಡಿ. ಕ್ಯಾಮೆರಾ ಮಲಗದೆ ಬ್ಯಾಟರಿ ಖಾಲಿಯಾಗುತ್ತದೆ.

ಆಟೋ ಫೋಕಸ್‌ನಿಂದ ಶಟರ್ ಏಕೆ ನಿಂತಿತು ಎನ್ನುವುದಕ್ಕೆ ಕೇಬಲಿನ ಒಳಗೆ ನೋಡಬೇಕು. ಅಲ್ಲಿರುವುದು ಮೂರು ತಂತಿ: ಒಂದು ಗ್ರೌಂಡ್, ಒಂದು ಅರ್ಧ ಒತ್ತಿಗೆ, ಒಂದು ಪೂರ್ತಿ ಒತ್ತಿಗೆ. ಅರ್ಧದ ತಂತಿ ಗ್ರೌಂಡಿಗೆ ತಾಗಿದರೆ ಫೋಕಸ್ ಮತ್ತು ಬೆಳಕು ಅಳೆಯುವ ಮೀಟರ್ ಎಚ್ಚರಗೊಳ್ಳುತ್ತವೆ, ಪೂರ್ತಿಯದು ತಾಗಿದರೆ ಶಟರ್. ಕತ್ತಲಲ್ಲಿ ಫೋಕಸ್ ಸಿಗದಿದ್ದರೆ ಪೂರ್ತಿ ಒತ್ತಿದರೂ ಕ್ಯಾಮೆರಾ ಕಾಯುತ್ತಲೇ ಇರುತ್ತದೆ. ಹಾಗಾಗಿ ಬೆಳಕಿರುವಾಗಲೇ ದೂರದ ಮರಕ್ಕೆ ಫೋಕಸ್ ಮಾಡಿ, ಲೆನ್ಸಿನ ಸ್ವಿಚ್ಚನ್ನು ಮ್ಯಾನುಯಲ್‌ಗೆ ತಂದು, ರಿಂಗಿಗೆ ಟೇಪ್ ಅಂಟಿಸಿ. ಅಗ್ಗದ ಕೇಬಲ್‌ಗಳಲ್ಲಿ ಒಂದು ತಂತಿಯ ಬೆಸುಗೆ ಬಿಟ್ಟಿರುವುದೂ ಉಂಟು. ಫೋಕಸ್ ಸಿಕ್ಕ ಬೀಪ್ ಬಂದೂ ಶಟರ್ ಬೀಳದಿದ್ದರೆ ಮಲ್ಟಿಮೀಟರ್ ಇಟ್ಟು ನೋಡಿ: ಕ್ಯಾನನ್‌ನ 2.5 ಎಂಎಂ ಪಿನ್ನಿನಲ್ಲಿ ತುದಿ ಶಟರಿಗೆ, ನಡುವಿನ ಉಂಗುರ ಫೋಕಸ್ಸಿಗೆ, ಬುಡ ಗ್ರೌಂಡಿಗೆ.

ಕೊಳ್ಳುವಾಗ ಕಂಪನಿಯ ಹೆಸರು ಹೇಳಿದರೆ ಸಾಲದು, ಮಾಡೆಲ್ ಹೇಳಿ. ಕ್ಯಾನನ್ 1500ಡಿ, 90ಡಿ, ಆರ್6ಕ್ಕೆ ಆರ್‌ಎಸ್-60ಇ3 ಬಗೆಯ 2.5 ಎಂಎಂ ಪಿನ್ನು. 5ಡಿ ಮಾರ್ಕ್ 4, 7ಡಿ ಮಾರ್ಕ್ 2, ಆರ್5ಕ್ಕೆ ಆರ್‌ಎಸ್-80ಎನ್3 ಬಗೆಯ ಮೂರು ಪಿನ್ನಿನ ಎನ್3 ತುದಿ. ನಿಕಾನ್ ಡಿ5600, ಡಿ7500, ಝಡ್6ಕ್ಕೆ ಎಂಸಿ-ಡಿಸಿ2 ಬಗೆಯ ಕೇಬಲ್. ಡಿ850ಕ್ಕೆ ಹತ್ತು ಪಿನ್ನಿನದು. ನಿಕಾನ್ ಡಿ3500ಕ್ಕೆ ಕೇಬಲ್ ಸಾಕೆಟ್ಟೇ ಇಲ್ಲ, ಆಗುತ್ತದೆ ಎಂದು ಯಾರು ಹೇಳಿದರೂ ನಂಬಬೇಡಿ. ಬ್ಲೂಟೂತ್ ಶಟರ್ ಎಂದು ಮಾರುವ ಪುಟ್ಟ ಬಟನ್ನು ಮೊಬೈಲಿನ ವಾಲ್ಯೂಮ್ ಕೀಲಿಯ ಕೆಲಸ ಮಾಡುತ್ತದೆ ಅಷ್ಟೆ. ಚಿತ್ರದಲ್ಲಿ ಡಿಎಸ್ಎಲ್ಆರ್ ತೋರಿಸಿದ್ದರೂ ಅದಕ್ಕೆ ಆಗುವುದಿಲ್ಲ. ಮುಂಬಯಿಯ ಫೋರ್ಟಿನ ಬೋರಾ ಬಜಾರಿಗೆ ಕೊಳ್ಳಲು ಹೋಗುವವರು ಕ್ಯಾಮೆರಾ ಜೊತೆಗೆ ಒಯ್ದು, ಅಲ್ಲೇ ಕೇಬಲ್ ಚುಚ್ಚಿ, ಬಲ್ಬ್‌ನಲ್ಲಿ ಲಾಕ್ ಮಾಡಿ ಒಂದು ನಿಮಿಷ ನಿಂತು ನೋಡಿ. ಒಂದು ಕ್ಲಿಕ್ಕಿನಿಂದ ಏನೂ ಗೊತ್ತಾಗುವುದಿಲ್ಲ. ಎನ್3 ತುದಿಯನ್ನು ಗುರುತಿಗೆ ಗುರುತು ಹೊಂದಿಸಿ ನೇರವಾಗಿ ತಳ್ಳಬೇಕು, ಬಲವಂತವಾಗಿ ತಿರುಗಿಸಿದರೆ ಪಿನ್ನು ಬಾಗುತ್ತದೆ.

ಗೋವಾದ ಕಡಲತೀರಕ್ಕೆ ಹೋಗುವವರಿಗೆ ಬೇರೆ ಎರಡು ಮಾತು. ಇನ್‌ಫ್ರಾರೆಡ್ ರಿಮೋಟು ಕ್ಯಾಮೆರಾದ ಮುಂದಿನಿಂದ, ಸುಮಾರು 5 ಮೀಟರ್ ಒಳಗೆ ಕೆಲಸ ಮಾಡುವಂಥದ್ದು. ಇಳಿಬಿಸಿಲು ನೇರವಾಗಿ ರಿಮೋಟಿನ ಸಂಕೇತ ಹಿಡಿಯುವ ಸೆನ್ಸಾರಿಗೆ ಹೊಡೆಯುವಾಗ ಅದನ್ನು ನೆಚ್ಚಬೇಡಿ. ಉಪ್ಪುಗಾಳಿಗೆ ಪಿನ್ನಿನ ಮೇಲೆ ಪೊರೆ ಕಟ್ಟುತ್ತದೆ. ಮರಳಿದ ಕೂಡಲೇ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಸಾಕೆಟ್ಟಿನ ರಬ್ಬರ್ ಮುಚ್ಚಿಡಿ.

ಕೇಬಲನ್ನು ಜೋತಾಡಲು ಬಿಡಬೇಡಿ. ಗಾಳಿಗೆ ಬಡಿದು ಚಿತ್ರ ಅಲುಗುತ್ತದೆ. ಕತ್ತಲಲ್ಲಿ ಯಾರದಾದರೂ ಕಾಲಿಗೆ ಸಿಕ್ಕರೆ ಎಳೆತ ಬೀಳುವುದು ಸಾಕೆಟ್ಟಿನ ಬೆಸುಗೆಯ ಮೇಲೆ, ರಿಪೇರಿಗೆ ಕ್ಯಾಮೆರಾ ಬಿಚ್ಚಬೇಕಾಗುತ್ತದೆ. ಟ್ರೈಪಾಡ್ ಕಾಲಿಗೆ ವೆಲ್ಕ್ರೋ ಪಟ್ಟಿಯಿಂದ ಸುತ್ತಿಬಿಡಿ.

ಮಿಂಚುಹುಳದ ಜಾಗದಲ್ಲಿ ರಿಮೋಟಿನ ಪರದೆಯ ಬೆಳಕು ಒತ್ತಬೇಡಿ, ವೈರ್‌ಲೆಸ್ ರಿಸೀವರಿನ ಮಿನುಗುವ ಕೆಂಪು ದೀಪಕ್ಕೆ ಕಪ್ಪು ಟೇಪ್ ಹಚ್ಚಿ. ಗಂಡು ಹೆಣ್ಣನ್ನು ಹುಡುಕುವುದೇ ಆ ಮಿನುಗಿನಿಂದ. ನಮ್ಮ ದೀಪ ಅದಕ್ಕೆ ಅಡ್ಡ ಬರುತ್ತದೆ, ಪಕ್ಕದವರ 30 ಸೆಕೆಂಡಿನ ಫ್ರೇಮೂ ಹಾಳು. ಟೈಮರ್ ರಿಮೋಟುಗಳಲ್ಲಿ ಅನೇಕಕ್ಕೆ ಆಫ್ ಸ್ವಿಚ್ಚೇ ಇರುವುದಿಲ್ಲ. ಮನೆಗೆ ಬಂದ ಮೇಲೆ ಎರಡು ಎಎಎ ಸೆಲ್ಲನ್ನೂ ತೆಗೆದು ಬೇರೆ ಇಡಿ, ಇಲ್ಲದಿದ್ದರೆ ಮಳೆಗಾಲ ಕಳೆಯುವುದರೊಳಗೆ ಸೋರಿ ಸ್ಪ್ರಿಂಗನ್ನು ತಿಂದುಬಿಟ್ಟಿರುತ್ತವೆ.