ಮಂಡ್ಯದ ನಮ್ಮ ಮನೆಯ ಮಾಡ್ಯುಲರ್ ಸ್ವಿಚ್ಚು, ವೈರಿಂಗು: ವರ್ಷಗಟ್ಟಲೆ ಬಳಸಿದ ಮೇಲೆ

ಕಲ್ಲಹಳ್ಳಿಯ ನಮ್ಮ ಮನೆಗೆ ಹಳೇ ವೈರಿಂಗ್ ಪೂರ್ತಿ ಕಿತ್ತು ಹೊಸದು ಹಾಕಿಸಿದ್ದು ಕೊರೊನಾಗೆ ಸ್ವಲ್ಪ ಮುಂಚೆ. ಸ್ವಿಚ್ಚು, ಸಾಕೆಟ್ಟು, ಪ್ಲೇಟು ಎಲ್ಲ ಒಂದೇ ದೊಡ್ಡ ಕಂಪನಿಯ ಮಾಡ್ಯುಲರ್ ಸೆಟ್. ನೂರಡಿ ರಸ್ತೆಯ ಅಂಗಡಿಯಲ್ಲಿ ತೆಗೆದುಕೊಂಡಿದ್ದು. ಇಷ್ಟು ದಿನ ಬಳಸಿದ ಮೇಲೆ ಆ ಸೆಟ್ಟಿಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಗೋಡೆಯೊಳಗಿನ ತಾಮ್ರದ ವೈರಿಗೆ ಮಾತ್ರ ಐದಕ್ಕೆ ಐದು.

ಮೊದಲು ಕಣ್ಣಿಗೆ ಕಾಣೋ ವಿಷಯ ಮುಗಿಸಿಬಿಡುತ್ತೇನೆ. ಸ್ವಿಚ್ಚುಗಳ ಟಕ್ ಅನ್ನೋ ಸದ್ದು ಇವತ್ತಿಗೂ ಹೊಸದರ ಹಾಗೇ ಇದೆ. ಒಲೆ ಹತ್ತಿರದ ಬಿಳಿ ಪ್ಲೇಟು ಹಳದಿ ತಿರುಗಿದೆ, ಒಗ್ಗರಣೆ ಹೊಗೆಗೆ ಯಾವ ಪ್ಲೇಟಾದರೂ ಅಷ್ಟೇ ಬಿಡಿ. ಇಂಡಿಕೇಟರ್‌ಗಳಲ್ಲಿ ಅರ್ಧ ಸತ್ತಿವೆ. ಯುಎಸ್‌ಬಿ ಚಾರ್ಜಿಂಗ್ ಪಾಯಿಂಟ್ ವಾರಂಟಿ ಮುಗಿಯೋದನ್ನೇ ಕಾಯುತ್ತಿತ್ತೇನೋ, ಮುಗಿದ ಕೂಡಲೇ ಹೋಯಿತು. ಅದಕ್ಕೆ ಕೊಟ್ಟ ದುಡ್ಡು ದಂಡ.

ನನ್ನ ದೊಡ್ಡ ತಕರಾರು ಬೇರೆ. ಈ ಸೆಟ್ಟಿನಲ್ಲಿ 6 ಆಂಪ್ ಸ್ವಿಚ್ಚೂ 16 ಆಂಪ್ ಸ್ವಿಚ್ಚೂ ಮುಂದಿನಿಂದ ನೋಡಿದರೆ ಒಂದೇ ತರಹ. ಅದೇ ಅಳತೆ, ಅದೇ ಬಣ್ಣ. ಆಂಪ್ ಎಷ್ಟು, ಅಂದರೆ ಸ್ವಿಚ್ಚು ಎಷ್ಟು ಕರೆಂಟು ತಡೆಯುತ್ತೆ ಅನ್ನೋದು ಹಿಂಭಾಗದ ಪ್ಲಾಸ್ಟಿಕ್ಕಿನಲ್ಲಿ ಉಬ್ಬು ಅಕ್ಷರದಲ್ಲಿದೆ, ಟಾರ್ಚ್ ಬಿಟ್ಟು ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಗೋಡೆಗೆ ಕೂರಿಸಿದ ಮೇಲೆ ದೇವರೇ ಬಲ್ಲ. ಹಳೇ ಕರೀ ಸ್ವಿಚ್ಚಿನ ಕಾಲದಲ್ಲಿ 5 ಆಂಪಿನದು ಸಣ್ಣದು, 15ರದು ದಪ್ಪಗೆ, ನೋಡಿದರೇ ಗೊತ್ತಾಗುತ್ತಿತ್ತು. ಈಗ ಅದೇ 5 ಮತ್ತು 15ನ್ನು 6 ಮತ್ತು 16 ಅಂತಾರೆ.

ಸಂಪ್ ಮೋಟಾರ್ ಬೋರ್ಡಿನಲ್ಲಿ ಇದರ ಫಲ ನೋಡಿದೆವು. ಕೆಲಸಕ್ಕೆ ಬಂದ ಹುಡುಗ ಕೈಗೆ ಸಿಕ್ಕಿದ 6 ಆಂಪ್ ಸ್ವಿಚ್ಚು ಹಾಕಿ ಹೋಗಿದ್ದ. ಅರ್ಧ ಎಚ್‌ಪಿ ಮೋಟಾರು ಓಡುವಾಗ ಎಳೆಯೋದು ಮೂರ್ನಾಲ್ಕು ಆಂಪ್, ಸರಿಯಾಗೇ ಇದೆ ಅನಿಸುತ್ತೆ. ಆದರೆ ಶುರುವಾಗುವ ಆ ಕ್ಷಣಕ್ಕೆ ಅದರ ಹಲವು ಪಟ್ಟು ಎಳೆಯುತ್ತದೆ. ಬೆಳಿಗ್ಗೆ ಸಂಜೆ ಹಾಕಿ ಹಾಕಿ ಒಂದು ದಿನ ಸ್ವಿಚ್ಚು ಆಫ್ ಮಾಡಿದರೂ ಮೋಟಾರು ನಿಲ್ಲಲಿಲ್ಲ. ಟ್ಯಾಂಕ್ ತುಂಬಿ ನೀರು ಮೆಟ್ಟಿಲಿಗೆ ಸುರಿಯುತ್ತಿದೆ. ಕೊನೆಗೆ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗಿ ಬೀಳೋ ಸ್ವಿಚ್ಚು) ಕೆಳಗೆ ಮಾಡಿದೆ. ಬಿಚ್ಚಿ ನೋಡಿದರೆ ಒಳಗಿನ ಬೆಳ್ಳಿ ಬಣ್ಣದ ಎರಡು ಚುಕ್ಕಿ ಕಪ್ಪಾಗಿ ಒಂದಕ್ಕೊಂದು ಅಂಟಿ ಕೂತಿದ್ದವು. ಈಗ ಅಲ್ಲಿ 20 ಆಂಪ್ ಡಿಪಿ ಸ್ವಿಚ್ಚಿದೆ. ಫೇಸು, ನ್ಯೂಟ್ರಲ್ ಎರಡನ್ನೂ ಕಡಿಯುತ್ತದೆ.

ಲೆಕ್ಕ ಕಷ್ಟದ್ದೇನಲ್ಲ. ವ್ಯಾಟನ್ನು 230ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಆಂಪ್ ಸಿಗುತ್ತದೆ. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ನಾಲ್ಕು ಚಿಲ್ಲರೆ, 6 ಆಂಪ್ ಪ್ಲಗ್ಗಿಗೆ ಸಾಕು. 2000 ವ್ಯಾಟಿನ ಗೀಸರೋ ಇಂಡಕ್ಷನ್ನೋ ಆದರೆ 8.7. 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ 13. ಇವಕ್ಕೆಲ್ಲ 16 ಆಂಪ್ ಪಾಯಿಂಟೇ ಬೇಕು. ಪಿನ್ ದಪ್ಪ ಅಂತ ಕನ್ವರ್ಟರ್ ಪ್ಲಗ್ ಸಿಕ್ಕಿಸಿ ಇಂಡಕ್ಷನ್ನನ್ನು 6 ಆಂಪ್ ಬೋರ್ಡಿಗೆ ಹಾಕುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಆ ಸಾಕೆಟ್ಟಿನ ತೂತಿನ ಸುತ್ತ ಕಂದು ಬಣ್ಣ ತಿರುಗಿರುತ್ತೆ, ನೋಡಿ.

ಇನ್ನು ವೈರು. ಲೈಟು ಫ್ಯಾನಿಗೆ 1 ಸ್ಕ್ವೇರ್ (ವೈರಿನ ದಪ್ಪ, ಚದರ ಮಿಲಿಮೀಟರ್ ಲೆಕ್ಕದಲ್ಲಿ), 6 ಆಂಪ್ ಪ್ಲಗ್ಗಿಗೆ ಒಂದೂವರೆ, ಪವರ್ ಪಾಯಿಂಟಿಗೆ ಎರಡೂವರೆ, ಎಸಿಗೆ 4 ಸ್ಕ್ವೇರ್ ಹಾಕಿಸಿದ್ದೇವೆ. ಪೈಪಿನೊಳಗೆ ಹೋದ ಎರಡೂವರೆ ಸ್ಕ್ವೇರ್ ತಾಮ್ರದ ವೈರು ಸುಮಾರು 18 ಆಂಪ್ ತಡೆಯುತ್ತದೆ, 4 ಸ್ಕ್ವೇರು ಸುಮಾರು 24.

ಇದು ನೆನಪಿಗೆ ಬಂದಿದ್ದು ಯುಗಾದಿ ದಿನ. ಇಂಡಕ್ಷನ್ ಮೇಲೆ ಒಬ್ಬಟ್ಟಿನ ಬೇಳೆ, ಪಕ್ಕದಲ್ಲಿ ಕೆಟಲ್, ರೈಸ್ ಕುಕ್ಕರ್, ಮಿಕ್ಸಿಯಲ್ಲಿ ಹೂರಣ. ಎಲ್ಲ ಸೇರಿ 5000 ವ್ಯಾಟ್ ಹತ್ತಿರ, ಅಂದರೆ 21 ಆಂಪಿನ ಮೇಲೆ, ಎಲ್ಲಾ ಒಂದೇ ಎರಡೂವರೆ ಸ್ಕ್ವೇರ್ ಲೈನಿನಲ್ಲಿ. ಸ್ವಲ್ಪ ಹೊತ್ತು ತಡೆದು 16ರ ಎಂಸಿಬಿ ಬಿತ್ತು. ಎತ್ತಿದರೆ ಮತ್ತೆ ಬಿತ್ತು. ಹಬ್ಬ ಮುಗಿದ ಮೇಲೆ ಬಂದ ಎಲೆಕ್ಟ್ರಿಷಿಯನ್ ಅಣ್ಣ ಡಿಬಿ (ಎಂಸಿಬಿಗಳಿರೋ ಪೆಟ್ಟಿಗೆ) ನೋಡಿ, "ಅಕ್ಕ, ಇದ್ನ ತಗದು ಮೂವತ್ತೆರಡು ಹಾಕ್ಬುಡ್ತೀನಿ, ಆಮೇಲೆ ಬೀಳಾಕಿಲ್ಲ" ಅಂದರು.

"ಬೀಳ್ಲಿ ಅಂತಾನೇ ಅಲ್ವಾ ಅಣ್ಣ ಅದನ್ನ ಹಾಕ್ಸಿರೋದು?"

ಅವರು ನಕ್ಕರು. ಎಂಸಿಬಿ ಕಾಯೋದು ಮಿಕ್ಸಿಯನ್ನಲ್ಲ, ಗೋಡೆಯೊಳಗಿನ ವೈರನ್ನು. 18 ತಡೆಯೋ ವೈರಿಗೆ 32ರ ಎಂಸಿಬಿ ಹಾಕಿದರೆ 25 ಆಂಪ್ ಹರಿದರೂ ಅದು ಅಲ್ಲಾಡೋದಿಲ್ಲ. ವೈರು ಪೈಪಿನೊಳಗೆ ಸುಮ್ನೆ ಬೇಯುತ್ತಿರುತ್ತದೆ. ಮಂಡ್ಯದಲ್ಲಿ ಮಾತ್ರ ಅಲ್ಲ, ಎಲ್ಲೆಡೆ ಇದೇ ರಿಪೇರಿ ನಡೆಯೋದು, ನನಗೆ ಸಿಟ್ಟು ಬರೋದೂ ಇದಕ್ಕೇ. ನಾವು ಇಂಡಕ್ಷನ್ನಿಗೆ ಡಿಬಿಯಿಂದಲೇ ಬೇರೆ ಲೈನ್ ಎಳೆಸಿದೆವು. ಎಸಿ ಕೆಲಸದಲ್ಲಿ ಉಳಿದಿದ್ದ 4 ಸ್ಕ್ವೇರ್ ವೈರನ್ನೇ ಬಳಸಿದರು. ಹಾಗಂತ ಎಂಸಿಬಿ ದೊಡ್ಡದು ಮಾಡಲಿಲ್ಲ. ಸಾಕೆಟ್ 16ರದ್ದು, ಹಾಗಾಗಿ ಎಂಸಿಬಿಯೂ 16. ಆ ದಾರಿಯಲ್ಲಿ ಯಾವುದರ ಶಕ್ತಿ ಕಡಿಮೆಯೋ ಅದಕ್ಕೆ ತಕ್ಕ ಎಂಸಿಬಿ.

ಗೀಸರ್ ಪಾಯಿಂಟಿನಲ್ಲಿ ಆಂಪ್ ಎಲ್ಲ ಸರಿ ಇದ್ದೂ ತೊಂದರೆ ಬಂತು. ಪ್ಲಗ್ ಕೀಳುವಾಗ ಪಿನ್ ಬಿಸಿ, ಮೀನು ಕೊಳೆತ ಹಾಗೆ ವಾಸನೆ. ಪ್ಲೇಟ್ ಬಿಚ್ಚಿದರೆ ಫೇಸ್ ವೈರಿನ ಎಳೆಗಳಲ್ಲಿ ಅರ್ಧ ಮಾತ್ರ ಸ್ಕ್ರೂ ಕೆಳಗಿದ್ದವು, ಉಳಿದವು ಹೊರಗೆ ಚಾಚಿಕೊಂಡಿದ್ದವು. ಹತ್ತಿರದ ಇನ್ಸುಲೇಷನ್ ಗಟ್ಟಿಯಾಗಿ ಉಗುರಿಗೆ ಪುಡಿಯಾಗಿ ಬರುತ್ತಿತ್ತು. ಸುಟ್ಟಷ್ಟು ಕತ್ತರಿಸಿ, ಎಳೆಗಳನ್ನು ಹೊಸೆದು ಪೂರ್ತಿ ಒಳಗೆ ತಳ್ಳಿ ಬಿಗಿ ಮಾಡಿ, ಸಾಕೆಟ್ ಬದಲಾಯಿಸಿದರು. ಈ ಸೆಟ್ಟಿನ ಸ್ಕ್ರೂಗಳು ಸಣ್ಣವು, ತಲೆ ಬೇಗ ಸವೆಯುತ್ತದೆ. ಅರ್ಧ ಅಂಕ ಕಳೆದಿದ್ದು ಅದಕ್ಕೇ. ಆಗಿನಿಂದ ಗೀಸರ್, ಎಸಿ, ಇಂಡಕ್ಷನ್ ಪಾಯಿಂಟುಗಳ ಸ್ಕ್ರೂಗಳನ್ನು ವರ್ಷಕ್ಕೊಮ್ಮೆ ಮೇನ್ ಆಫ್ ಮಾಡಿಸಿ ಬಿಗಿ ಮಾಡಿಸುತ್ತೇವೆ.

ಕರೆಂಟು ಸೋರಿದರೆ ಲೈನ್ ಕಡಿಯೋ ಆರ್‌ಸಿಸಿಬಿ ಬಗ್ಗೆ ಒಂದು ಮಾತು. ನಮ್ಮದರ ಮೇಲೆ 40 ಆಂಪ್, 30 ಮಿಲಿಆಂಪ್ ಅಂತಿದೆ. ಆ 40 ಬರೀ ಅದು ಹೊರೋ ಶಕ್ತಿ, ಲೋಡ್ ಜಾಸ್ತಿಯಾದರೆ ಅದು ಬೀಳೋದಿಲ್ಲ. ಅದು ಬೀಳೋದು ಕರೆಂಟು ಭೂಮಿಗೆ ಸೋರಿದಾಗ, ಆ 30 ಮಿಲಿಆಂಪ್ ಅನ್ನೋದು ಸೋರಿಕೆಯ ಮಿತಿ. ಮಳೆಗಾಲದಲ್ಲಿ ಪೋರ್ಟಿಕೋ ಬಲ್ಬಿನ ಹೋಲ್ಡರ್‌ಗೆ ನೀರು ಇಳಿದಾಗ ಬಿದ್ದು ಕೆಲಸ ತೋರಿಸಿದೆ. ಎಂಸಿಬಿ ಬದಲಿಗೆ ಇದು, ಇದರ ಬದಲಿಗೆ ಎಂಸಿಬಿ ಅಂತ ಅಂಗಡಿಯವರು ಹೇಳಿದರೆ ಕೇಳಬೇಡಿ, ಎರಡೂ ಬೇಕು.

ಮೇಲಿನ ಮನೆಗೆ ಈಗ ವೈರಿಂಗ್ ಶುರುವಾಗುತ್ತಿದೆ. ಚೆಸ್ಕಾಂ ಕರೆಂಟು ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಮೊದಲು ನೋಡಿಕೊಂಡೆವು, ಇನ್ನೊಂದು ಗೀಸರ್ ಬಂದರೆ ಹೆಚ್ಚಿಸಲೇಬೇಕು. ವೈರು ಅದೇ ಕಂಪನಿಯದು, ಐಎಸ್‌ಐ ಗುರುತು ನೋಡಿ. ಸ್ವಿಚ್ಚಿಗೆ ಮಾತ್ರ ಬೇರೆ ಸೆಟ್, 16 ಆಂಪಿನದು ಎರಡು ಮಾಡ್ಯೂಲ್, ಅಂದರೆ ಎರಡು ಸಣ್ಣ ಸ್ವಿಚ್ಚಿನಷ್ಟು ಅಗಲ ಇರುವಂಥದ್ದು. ಯುಎಸ್‌ಬಿ ಒಂದೂ ಇಲ್ಲ. ಸ್ಕೂಟರ್ ಚಾರ್ಜಿಂಗಿಗೆ ಅಂತ ಪೋರ್ಟಿಕೋಗೆ ಬೇರೆ ಎಂಸಿಬಿ ಇಟ್ಟು ಎರಡೂವರೆ ಸ್ಕ್ವೇರ್ ವೈರ್ ಈಗಲೇ ಎಳೆಸುತ್ತಿದ್ದೇವೆ, ಸ್ಕೂಟರ್ ಇನ್ನೂ ತಗೊಂಡಿಲ್ಲ.